ಕೈಕುಲುಕುವುದೂ ಕಲೆಯೇ?

ಪ್ರಶ್ನೆ: ಪರ್ಫಾರ್ಮೆನ್ಸ್ ಆರ್ಟ್, ಇನ್‌ಸ್ಟಲೇಷನ್ ಎಂದೆಲ್ಲ ಓದುತ್ತಿರುತ್ತೇವೆ. ಗ್ಯಾಲರಿಗೆ ಕಾಲಿಡದ ಜನರಿಗೆ ಇಂಥ ಕಲೆಯಿಂದ ಏನಾದರೂ ಒಳ್ಳೆಯದಾದದ್ದಿದೆಯೇ?

ಉತ್ತರ: ಇದೆ. ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಅವರ ಕೆಲಸವನ್ನೇ ನೋಡಿ. 1968ರಲ್ಲಿ ತಾಯಿಯಾದ ಮೇಲೆ ಅವರ ದಿನವೆಲ್ಲ ಮಗುವಿನ ಆರೈಕೆ, ಮನೆಗೆಲಸಗಳಲ್ಲೇ ಕಳೆಯತೊಡಗಿತು. ಇದನ್ನು ಮಾಡುವಾಗ ನಾನು ಕಲಾವಿದೆಯಲ್ಲವೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಮರುವರ್ಷವೇ ಪ್ರಣಾಳಿಕೆಯೊಂದನ್ನು ಬರೆದು, ಗುಡಿಸಿ ಒರೆಸುವ ನಿತ್ಯದ ದುಡಿಮೆಯೂ ಕಲೆಯೇ ಎಂದು ಸಾರಿದರು. 1973ರಲ್ಲಿ ಹಾರ್ಟ್‌ಫರ್ಡ್ ನಗರದ ಮ್ಯೂಸಿಯಂ ಒಂದರ ಮೆಟ್ಟಿಲುಗಳನ್ನು ಬಂದವರ ಕಣ್ಣೆದುರೇ ತಿಕ್ಕಿ ತೊಳೆದರು.

1977ರಲ್ಲಿ ನ್ಯೂಯಾರ್ಕಿನ ನೈರ್ಮಲ್ಯ ಇಲಾಖೆಯಲ್ಲಿ ಸಂಬಳವಿಲ್ಲದ ಕಲಾವಿದೆಯಾಗಿ ಸೇರಿಕೊಂಡರು. ನಗರ ದಿವಾಳಿಯ ಅಂಚಿಗೆ ಹೋಗಿಬಂದಿದ್ದ ಕಾಲ ಅದು. 1979–80ರಲ್ಲಿ ಸುಮಾರು ಹನ್ನೊಂದು ತಿಂಗಳು ಊರೆಲ್ಲ ಸುತ್ತಿ, ಇಲಾಖೆಯ 8,500 ಪೌರಕಾರ್ಮಿಕರ ಕೈಯನ್ನು ಒಬ್ಬೊಬ್ಬರಂತೆ ಕುಲುಕಿದರು. ನ್ಯೂಯಾರ್ಕನ್ನು ಬದುಕಿಸಿಟ್ಟಿದ್ದಕ್ಕೆ ಧನ್ಯವಾದ ಎಂದು ಪ್ರತಿಯೊಬ್ಬರಿಗೂ ಹೇಳಿದರು. ಕಸದ ಲಾರಿಗಳ ಹಿಂದೆ ನಡೆದರು, ಕಾರ್ಮಿಕರು ಬಾಗಿ ಎತ್ತಿ ಎಸೆಯುವ ರೀತಿಯನ್ನು ತಮ್ಮ ಮೈಯಲ್ಲೇ ಅನುಕರಿಸಿದರು.

ಆಗ ಕಾರ್ಮಿಕರೊಬ್ಬರು ತಮ್ಮ ನೋವು ತೋಡಿಕೊಂಡರು. ಉರಿಬಿಸಿಲಲ್ಲಿ ಬ್ರೂಕ್ಲಿನ್‌ನ ಮನೆಯೊಂದರ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳಲು ಕೂತಿದ್ದಾಗ, ನಾರುವ ಕಸದವರು ಎಂದು ಮನೆಯೊಡತಿ ಅವರನ್ನು ಎಬ್ಬಿಸಿ ಕಳಿಸಿದ್ದಳು. ಹದಿನೇಳು ವರ್ಷ ಕಳೆದರೂ ಆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಯೂಕಲೀಸ್ ಇದನ್ನು ಕೇಳಿ ಮರೆಯಲಿಲ್ಲ. 1984ರಲ್ಲಿ ಗ್ಯಾಲರಿಯ ಮುಂದೆ ಆ ಮೆಟ್ಟಿಲುಗಳನ್ನೇ ಮರುಸೃಷ್ಟಿಸಿ, ಕಾರ್ಮಿಕರು ಕೇಳಿಸಿಕೊಂಡಿದ್ದ ಬೈಗುಳಗಳನ್ನು ಗಾಜಿನ ಮೇಲೆ ಬರೆಸಿದರು. ಸಮಾಜದ ನಾನಾ ವರ್ಗದವರನ್ನು ಕರೆದು ಅವರ ಕೈಯಿಂದಲೇ ಅವನ್ನು ತೊಳೆಸಿದರು. ಅದಕ್ಕೂ ಮುಂಚೆ, 1983ರಲ್ಲಿ, ಕಸದ ಲಾರಿಯೊಂದಕ್ಕೆ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಓಡಿಸಿದ್ದರು. ಲಾರಿ ನೋಡಲು ನಿಂತವರಿಗೆ ಕಂಡದ್ದು ಕಸ ಹಾಕುವವರ, ಅಂದರೆ ತಮ್ಮದೇ, ಮುಖ.

ಒಬ್ಬರ ಕೈ ಕುಲುಕಿದರೆ ಅದು ಸೌಜನ್ಯ, ನಿಜ. ಒಬ್ಬರನ್ನೂ ಬಿಡದೆ, ಪಾಳಿ ಪಾಳಿಗೂ ಹೋಗಿ, ಇಡೀ ಊರಿಗೆ ಕಾಣುವಂತೆ ಅದನ್ನು ಮಾಡಿದಾಗ ಅದಕ್ಕೊಂದು ರೂಪ, ಒಂದು ಲಯ ಬರುತ್ತದೆ. ಕಲೆ ಎನ್ನುವುದು ಅದನ್ನೇ. ಒಬ್ಬರೇ ನುಂಗಿಕೊಂಡಿದ್ದ ಅವಮಾನ ಬೀದಿಗೆ ಬಂದು ಎಲ್ಲರ ಹೊಣೆಯಾದದ್ದು ಆ ರೂಪದಿಂದಲೇ. ಕೈಕುಲುಕಿದ ಮಾತ್ರಕ್ಕೆ ಸಂಬಳ ಏರದು, ಬೆನ್ನುನೋವು ಇಳಿಯದು. ಅದಕ್ಕೆ ಸಂಘಟನೆ, ಕಾನೂನು ಬೇಕೇ ಬೇಕು. ಆದರೆ ಮರ್ಯಾದೆಯಿಲ್ಲದ ಕಡೆ ಆರೋಗ್ಯವೂ ನಿಲ್ಲುವುದಿಲ್ಲ. ಮುಂದೆ ಇಂಥ ಕಲೆ ಎದುರಾದಾಗ, ನೋವು ಯಾರದು, ಅದನ್ನು ತೊಳೆಯಲು ಯಾರನ್ನು ಕರೆದರು ಎಂದು ಕೇಳಿ ನೋಡಿ. ಅದರ ಬೆಲೆ ಅಲ್ಲೇ ತಿಳಿಯುತ್ತದೆ.