ನೆರಳಲ್ಲಿ ಅಡಗುವ ಬಿರುಕು

ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ನೆನಪಿದೆಯಾ? ಸಮತಲಕ್ಕೆ ಓರೆಯಾಗಿರುವ ಗೆರೆಯ ಪ್ರೊಜೆಕ್ಷನ್ ಗಿಡ್ಡವಾಗುತ್ತೆ. ಟ್ರೂ ಲೆಂತ್ ಬೇಕಂದ್ರೆ ಗೆರೆಯನ್ನು ತಿರುಗಿಸಬೇಕು, ಇಲ್ಲವೇ ನೋಡುವ ದಿಕ್ಕನ್ನು ಬದಲಿಸಬೇಕು. ಎಕ್ಸ್‌ರೇ ಕೋಣೆಯಲ್ಲಿ ರೇಡಿಯೋಗ್ರಾಫರ್ ಮಾಡುವುದೂ ಇದನ್ನೇ. ಎಕ್ಸ್‌ರೇ ಎಂದರೆ ಮೂಳೆಯ ನೆರಳು ತಾನೇ!

ಒಂದು ಉದಾಹರಣೆ ನೋಡೋಣ. ಬೈಕಿನಿಂದಲೋ ಕ್ರಿಕೆಟ್ ಆಡುವಾಗಲೋ ಬಿದ್ದರೆ ನಾವು ಥಟ್ಟನೆ ಅಂಗೈ ಊರುತ್ತೇವೆ. ಮಣಿಕಟ್ಟಿನ 8 ಸಣ್ಣ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದು ಹೆಬ್ಬೆರಳಿನ ಕಡೆ ಇರುವ ಸ್ಕಾಫಾಯ್ಡ್. ಗ್ರೀಕ್ ಭಾಷೆಯಲ್ಲಿ ದೋಣಿ ಎಂಬ ಪದದಿಂದ ಬಂದ ಹೆಸರಿದು. ಈ ದೋಣಿ ಅಂಗೈ ಕಡೆಗೆ ಸುಮಾರು 45 ಡಿಗ್ರಿ ವಾಲಿದೆ. ಅಂಗೈಯನ್ನು ಡಿಟೆಕ್ಟರ್ ಮೇಲೆ ಚಪ್ಪಟೆಯಾಗಿಟ್ಟು ಮೇಲಿನಿಂದ ನೇರ ಕಿರಣ ಬಿಟ್ಟರೆ, ಕಾಸ್ 45ರ ಲೆಕ್ಕದಂತೆ ನೆರಳಿನ ಉದ್ದ ನಿಜವಾದ ಉದ್ದದ ಶೇ. 70ರಷ್ಟೇ.

ಇದಕ್ಕಿಂತ ದೊಡ್ಡ ತೊಂದರೆ ಬಿರುಕಿನದು. ಎರಡು ದಪ್ಪ ಪುಸ್ತಕಗಳನ್ನು ಕೂದಲೆಳೆಯಷ್ಟು ಸಂದು ಬಿಟ್ಟು ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿಯಿರಿ. ಸಂದಿನ ನೇರಕ್ಕೆ ಹಿಡಿದರೆ ಆಚೆ ಬೆಳಕಿನ ಗೆರೆ ಬೀಳುತ್ತೆ. ಸ್ವಲ್ಪ ಓರೆ ಮಾಡಿದರೆ ಗೆರೆ ಮಾಯ. ಮೂಳೆಯ ಸಣ್ಣ ಬಿರುಕೂ ಅಷ್ಟೇ, ಕಿರಣ ಅದರ ಉದ್ದಕ್ಕೆ ಸಾಗಿದರೆ ಮಾತ್ರ ಚೆನ್ನಾಗಿ ಕಾಣುತ್ತೆ.

ಹಾಗಾಗಿ ‘ಸ್ಕಾಫಾಯ್ಡ್ ವ್ಯೂ’ನಲ್ಲಿ ಅಂಗೈ ಕೆಳಮುಖವಾಗಿಟ್ಟು, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸುತ್ತಾರೆ. ಆಗ ವಾಲಿದ ಮೂಳೆ ಉದ್ದಕ್ಕೆ ಚಾಚಿಕೊಳ್ಳುತ್ತೆ. ಜೊತೆಗೆ ಕಿರಣವನ್ನು ಮೊಣಕೈ ಕಡೆಗೆ 20ರಿಂದ 30 ಡಿಗ್ರಿ ಓರೆ ಮಾಡುವುದೂ ಉಂಟು. ನೋವಿರುವ ಕೈಯನ್ನು ಹೀಗೆ ಬಾಗಿಸಿ ಅಂದಾಗ ನಮಗೆ ಕಿರಿಕಿರಿ ಅನ್ನಿಸಬಹುದು, ಆದರೆ ಅದರ ಹಿಂದಿರುವುದು ಈ ಜ್ಯಾಮಿತಿ.

ಇಷ್ಟೆಲ್ಲ ಯಾಕೆ? ಸ್ಕಾಫಾಯ್ಡ್‌ಗೆ ರಕ್ತ ಹೆಚ್ಚಾಗಿ ಬೆರಳುಗಳ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ನಿಂತು, ಅದು ಸಾಯುವ ಅಪಾಯವಿದೆ. ಸರಿಯಾದ ವ್ಯೂ ತೆಗೆದರೂ ಮೊದಲ ದಿನ ಕೆಲವು ಬಿರುಕುಗಳು ಕಾಣುವುದಿಲ್ಲ. ಅದಕ್ಕೇ ಅನುಮಾನವಿದ್ದರೆ ವೈದ್ಯರು ಪಟ್ಟಿ ಹಾಕಿ, 10–14 ದಿನಗಳ ನಂತರ ಮತ್ತೊಂದು ಎಕ್ಸ್‌ರೇ ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ.

ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತಲ್ಲ, ವೈದ್ಯರು ಅದನ್ನು ‘ನಶ್ಯದ ಡಬ್ಬಿ’ ಎನ್ನುತ್ತಾರೆ. ಬಿದ್ದ ಮೇಲೆ ಅಲ್ಲಿ ಒತ್ತಿದರೆ ನೋವಾ? “ಬರೀ ಉಳುಕು ಬಿಡೋ” ಅಂತ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ವೈದ್ಯರಿಗೆ ಆ ಜಾಗವನ್ನೇ ಬೆರಳಿಟ್ಟು ತೋರಿಸಿ. ಯಾವ ವ್ಯೂ ಬೇಕೆಂದು ಅವರಿಗೆ ಅದರಿಂದಲೇ ತಿಳಿಯುವುದು.