ದಂತ ವೈದ್ಯರ ಭೇಟಿಗೆ ಮಗುವನ್ನು ಸಿದ್ಧಗೊಳಿಸುವುದು: ಒಂದೇ ಪಾಠವನ್ನು ಎರಡು ಸಲ ಮಾಡಿದ ಅನುಭವ

ಪೀಠಿಕೆ

ಬಿ.ಇಡಿ. ಎರಡನೆಯ ವರ್ಷದ ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ಚನ್ನಪಟ್ಟಣ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಿಯೋಜಿಸಲಾಗಿತ್ತು. ಏಳನೆಯ ತರಗತಿಯ ವಿಜ್ಞಾನದಲ್ಲಿ ‘ಪ್ರಾಣಿಗಳಲ್ಲಿ ಪೋಷಣೆ’ ಘಟಕ ನನ್ನ ಪಾಲಿಗೆ ಬಂತು. ಬಾಯಿ ಮತ್ತು ಹಲ್ಲುಗಳ ಭಾಗವನ್ನು ಉತ್ಸಾಹದಿಂದಲೇ ಮಾಡಿದೆ. ಹಾಲುಹಲ್ಲು 20, ಶಾಶ್ವತ ಹಲ್ಲು 32. ಬಾಯಲ್ಲಿ ಉಳಿದ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಸವೆಯತೊಡಗುತ್ತದೆ. ಮಕ್ಕಳು ಚೆನ್ನಾಗಿ ಉತ್ತರಿಸಿದರು. ಪಾಠ ಮುಗಿಸುವಾಗ ಹೀಗೆಂದೆ: “ರಾತ್ರಿ ಹಲ್ಲುಜ್ಜದೆ ಮಲಗಿದ್ರೆ ಏನಾಗುತ್ತೆ ಗೊತ್ತಾ? ಡಾಕ್ಟರು ಸೂಜಿ ಚುಚ್ಚಿ ಹಲ್ಲು ಕೀಳ್ತಾರೆ!” ತರಗತಿ ನಕ್ಕಿತು. ಅವಲೋಕನ ಪುಸ್ತಕದಲ್ಲಿ ‘ಮುಕ್ತಾಯ ಪರಿಣಾಮಕಾರಿ’ ಎಂಬ ಷರಾ ಬಂತು.

ಮುಂದಿನ ವಾರ ಆರೋಗ್ಯ ತಪಾಸಣೆಯ ತಂಡ ಶಾಲೆಗೆ ಬಂತು. ಮಕ್ಕಳು ಸಾಲಾಗಿ ನಿಂತು ಬಾಯಿ ತೆರೆದು ತೋರಿಸುತ್ತಿದ್ದರು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬಾಯಿಗೆ ಅಂಗೈ ಅಡ್ಡ ಹಿಡಿದು, “ನಂಗೇನೂ ನೋವಿಲ್ಲ” ಎಂದು ಹಿಂದೆ ಸರಿದಳು. ಅವಳು ಬಿಸಿಯೂಟವನ್ನು ಒಂದೇ ಕಡೆಯಿಂದ ಅಗಿಯುವುದನ್ನು ನಾನು ಹಲವು ದಿನ ನೋಡಿದ್ದೆ. ಉದ್ದನೆಯ ಸಾಲು, ಸ್ವಲ್ಪ ಸಮಯ. ಅವಳ ಸರದಿ ದಾಟಿಹೋಯಿತು. ನನ್ನ ಪಾಠ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ, ಆ ಮಗುವೇ ಆ ಪಾಠದಿಂದ ಬಾಯಿ ಮುಚ್ಚಿಕೊಂಡಿತ್ತು.

ತಪಾಸಣೆ ಮತ್ತು ಚಿಕಿತ್ಸೆಯ ನಡುವಿನ ಅಂತರ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅದರಲ್ಲಿ ಗುರುತಿಸುವ ಕಾಯಿಲೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಶಾಲೆಗೆ ಬರುವ ಸಂಚಾರಿ ತಂಡದಲ್ಲಿ ಸಾಮಾನ್ಯವಾಗಿ ಆಯುಷ್ ವೈದ್ಯರು, ಶುಶ್ರೂಷಕಿ, ಔಷಧ ವಿತರಕರು ಇರುತ್ತಾರೆ, ದಂತ ವೈದ್ಯರಲ್ಲ. ತಂಡ ತೊಂದರೆಯನ್ನು ಗುರುತಿಸಿ ಚೀಟಿ ಕೊಡುತ್ತದೆ. ಹಲ್ಲಿನ ಚಿಕಿತ್ಸೆಗೆ ಮಗು ಆಸ್ಪತ್ರೆಯ ದಂತ ವಿಭಾಗಕ್ಕೇ ಹೋಗಬೇಕು. ಹೀಗೆ ಎರಡು ಬಾಗಿಲುಗಳಿವೆ: ಶಾಲೆಯಲ್ಲಿ ಬಾಯಿ ತೆರೆಯುವುದು, ಆಮೇಲೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂರುವುದು. ಹೆದರಿದ ಮಗು ಮೊದಲನೆಯ ಬಾಗಿಲಲ್ಲೇ ನಿಂತುಬಿಡುತ್ತದೆ.

ಮಾರ್ಗದರ್ಶಿ ಅಧ್ಯಾಪಕರ ಒಪ್ಪಿಗೆ ಪಡೆದು ಅದೇ ತರಗತಿಗೆ ಇನ್ನೊಂದು ಪಾಠ ಯೋಜಿಸಿದೆ.

ಕಲಿಕಾ ಉದ್ದೇಶಗಳು

1. ದಂತ ವೈದ್ಯರ ಭೇಟಿಯಲ್ಲಿ ನಡೆಯುವ ಹಂತಗಳನ್ನು ವಿದ್ಯಾರ್ಥಿಯು ಕ್ರಮವಾಗಿ ಹೇಳುವನು/ಳು.
2. ಹಲ್ಲಿನ ಚಿಕಿತ್ಸೆಯ ಬಗೆಗಿನ ತಪ್ಪು ನಂಬಿಕೆಯನ್ನು ಕಾರಣ ಸಹಿತ ಸರಿಪಡಿಸುವನು/ಳು.
3. ತನ್ನ ನೋವು, ಭಯ, ಪ್ರಶ್ನೆಗಳನ್ನು ಮಾತಿನಲ್ಲಿ ತಿಳಿಸುವನು/ಳು.

ಸಾಮಗ್ರಿ: ಸಣ್ಣ ಕನ್ನಡಿಗಳು, ಟಾರ್ಚ್, ಒರಗು ಕುರ್ಚಿ, ಖಾಲಿ ಚೀಟಿಗಳು, ಚನ್ನಪಟ್ಟಣದ ಒಂದು ಮರದ ಗೊಂಬೆ.

ಬೋಧನಾ–ಕಲಿಕಾ ಪ್ರಕ್ರಿಯೆ

ಅನುಕೂಲಿಸುವುದು: ‘ಹಲ್ಲಿನ ಡಾಕ್ಟರು ಅಂದರೆ ನೆನಪಿಗೆ ಬರುವುದೇನು?’ ಹೆಸರಿಲ್ಲದೆ ಚೀಟಿಯಲ್ಲಿ ಬರೆಯಲು ಹೇಳಿದೆ. ಇಕ್ಕಳ, ಸೂಜಿ, ರಕ್ತ ಎಂದು ಹಲವರು ಬರೆದಿದ್ದರು. ಒಂದು ಚೀಟಿಯಲ್ಲಿ ‘ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅಂತ ಅಜ್ಜಿ ಹೇಳಿದ್ದಾರೆ’ ಎಂದಿತ್ತು. ಇನ್ನೊಂದರಲ್ಲಿ ‘ಮಿಸ್ ಹೇಳಿದ್ರು, ಕೀಳ್ತಾರೆ’ ಎಂದಿತ್ತು. ಅದನ್ನೂ ಗಟ್ಟಿಯಾಗಿ ಓದಿದೆ. “ಅದು ನಾನು ಹೇಳಿದ್ದು. ಹಾಗೆ ಹೆದರಿಸಬಾರದಿತ್ತು” ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಮಕ್ಕಳು ಹೆಚ್ಚು ಮಾತಾಡಿದರು.

ಕಣ್ಣಿನ ವಿಷಯಕ್ಕೆ ಕಪ್ಪುಹಲಗೆಯಲ್ಲಿ ಚಿತ್ರ ಬರೆದೆ. ನೋಟದ ನರ ಬೇರೆ, ಹಲ್ಲಿಗೆ ಬರುವ ನರ ಬೇರೆ. ಹಲ್ಲು ತೆಗೆದರೆ ದೃಷ್ಟಿ ಹೋಗುವುದಿಲ್ಲ. ಅಜ್ಜಿಯನ್ನು ಗೇಲಿ ಮಾಡದೆ, ‘ಮನೆಗೆ ಹೋಗಿ ಈ ಚಿತ್ರ ಬರೆದು ತೋರಿಸಿ’ ಎಂದೆ.

ಪರಿಶೋಧಿಸುವುದು: ಪ್ರತಿ ಮಗುವೂ ಕನ್ನಡಿಯಲ್ಲಿ ತನ್ನ ಬಾಯನ್ನು ಮಾತ್ರ ನೋಡಿಕೊಂಡಿತು. ಆರನೆಯ ವಯಸ್ಸಿನ ಸುಮಾರಿಗೆ, ಯಾವ ಹಾಲುಹಲ್ಲೂ ಬೀಳದೆಯೇ ಅವುಗಳ ಹಿಂದೆ ಮೊದಲ ದವಡೆ ಹಲ್ಲು ಮೂಡುತ್ತದೆ. ಅದನ್ನು ಹಾಲುಹಲ್ಲೆಂದು ತಿಳಿದು ಮನೆಯವರು ನಿರ್ಲಕ್ಷಿಸುವುದುಂಟು. ಅದು ಹೋದರೆ ಮತ್ತೆ ಹುಟ್ಟುವುದಿಲ್ಲ ಎಂದಾಗ ಮಕ್ಕಳು ಎರಡನೆಯ ಸಲ ಕನ್ನಡಿ ಹಿಡಿದರು.

ವಿವರಿಸುವುದು: ಮಕ್ಕಳ ದಂತ ಚಿಕಿತ್ಸೆಯಲ್ಲಿ ‘ಹೇಳು–ತೋರಿಸು–ಮಾಡು’ ಎಂಬ ಕ್ರಮವಿದೆ. ಅಮೆರಿಕದ ದಂತ ವೈದ್ಯ ಅಡಲ್‌ಸ್ಟನ್ 1959ರಲ್ಲಿ ಇದನ್ನು ವಿವರಿಸಿದರು. ಏನು ಮಾಡುತ್ತೇವೆಂದು ಮಗುವಿನ ಮಾತಿನಲ್ಲಿ ಹೇಳುವುದು, ಉಪಕರಣವನ್ನು ತೋರಿಸುವುದು, ಹೇಳಿದಷ್ಟನ್ನೇ ಮಾಡುವುದು. ನಮ್ಮ ಪಾಠ ಯೋಜನೆಯ ತಿಳಿದುದರಿಂದ ತಿಳಿಯದುದರ ಕಡೆಗೆ ಎಂಬ ಸೂತ್ರಕ್ಕೆ ಇದು ಹತ್ತಿರದ್ದು. ಒರಗು ಕುರ್ಚಿಯಲ್ಲಿ ಗೊಂಬೆಯನ್ನು ಕೂರಿಸಿ ಹಂತಗಳನ್ನು ಅಭಿನಯಿಸಿದೆವು: ಹೆಸರು ಬರೆಸುವುದು, ಕುರ್ಚಿ ಹಿಂದಕ್ಕೆ ಬಾಗುವುದು, ದೀಪ, ಕನ್ನಡಿ, ಹಲ್ಲು ಎಣಿಕೆ.

ಕೊರೆಯುವ ಯಂತ್ರದ ಸದ್ದಿಗೆ, “ಗೊಂಬೆ ಮಾಡುವ ಲೇತ್ ಸದ್ದು ಕೇಳಿದ್ದೀರಲ್ಲ, ಹಾಗೆ ಕುಂಯ್ ಅನ್ನುತ್ತೆ” ಎಂದೆ. ಒಳ್ಳೆಯ ಸ್ಥಳೀಯ ಉದಾಹರಣೆ ಕೊಟ್ಟೆನೆಂಬ ಸಂತೋಷದಲ್ಲಿದ್ದೆ. ಗೊಂಬೆ ಮಾಡುವವರ ಮನೆಯ ಹುಡುಗ ಕೇಳಿದ: “ಹಾಗಾದ್ರೆ ಹಾಲೆ ಮರದ ತರ ಹಲ್ಲನ್ನೂ ಕಡೀತಾರಾ ಮಿಸ್?” ಅವನ ಮಟ್ಟಿಗೆ ಲೇತ್ ಎಂದರೆ ಹಾರುವ ಮರದ ಪುಡಿ, ಚೂಪಾದ ಉಳಿ. ನನ್ನ ಹೋಲಿಕೆ ಭಯವನ್ನು ಹೆಚ್ಚಿಸಿತ್ತು. ಆದರೆ ಉತ್ತರವೂ ಅವನಿಂದಲೇ ಬಂತು. ಲೇತ್‌ನಲ್ಲಿ ತಿರುಗುವುದು ಯಾವುದು ಎಂದು ಕೇಳಿದೆ. ‘ಮರ’ ಎಂದ. ಇಲ್ಲಿ ಹಲ್ಲು ಅಲುಗುವುದಿಲ್ಲ, ಸಣ್ಣ ತುದಿ ಮಾತ್ರ ತಿರುಗುತ್ತದೆ. ಹುಳುಕಾದ ಭಾಗವನ್ನಷ್ಟೇ ತೆಗೆಯುತ್ತಾರೆ. ಬಿಸಿಯಾಗದಿರಲಿ ಎಂದು ನೀರು ಚಿಮುಕುತ್ತದೆ.

ಸೂಜಿಯ ವಿಷಯದಲ್ಲಿ ‘ನೋವೇ ಆಗುವುದಿಲ್ಲ’ ಎನ್ನಲಿಲ್ಲ. ಬೇಕಾದಾಗ ಮಾತ್ರ ಮರಗಟ್ಟಿಸುವ ಔಷಧ ಕೊಡುತ್ತಾರೆ, ಚುಚ್ಚಿದ ಕ್ಷಣ ನೋಯಬಹುದು, ಆಮೇಲೆ ತುಟಿ ದಪ್ಪಗಾದಂತೆ ಅನ್ನಿಸುತ್ತದೆ, ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ತುಟಿ ಕಚ್ಚಿಕೊಳ್ಳಬಾರದು ಎಂದೆ. ಸಹಿಸಲಾಗದಿದ್ದರೆ ಎಡಗೈ ಎತ್ತಬಹುದು ಎಂದೂ ಹೇಳಿದೆ.

ಮೌಲ್ಯಮಾಪನ: ಮಕ್ಕಳು ಜೋಡಿಯಾಗಿ ಹಂತಗಳನ್ನು ಹೇಳಿಕೊಂಡರು. ಗಂಟೆ ಹೊಡೆದ ಮೇಲೆ ಆ ಹುಡುಗಿ ಮೇಜಿನ ಹತ್ತಿರ ಬಂದಳು. “ಕೈ ಎತ್ತಿದ್ರೆ ನಿಜವಾಗ್ಲೂ ನಿಲ್ಲಿಸ್ತಾರಾ?” ನನ್ನ ಬಳಿ ಉತ್ತರವಿರಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಭರವಸೆಯಂತೆ ಹೇಳಿಬಿಟ್ಟಿದ್ದೆ. ಕೇಳಿ ಬಂದು ಹೇಳುತ್ತೇನೆ ಎಂದೆ. ಮರುದಿನ ಶಾಲೆ ಬಿಟ್ಟ ಮೇಲೆ ದಂತ ವೈದ್ಯರೊಬ್ಬರನ್ನು ಕಂಡು ಕೇಳಿದೆ. “ಬರುವ ಮೊದಲೇ ಹೇಳಿ ಕಳಿಸಿ, ಖಂಡಿತ ನಿಲ್ಲಿಸುತ್ತೇವೆ” ಎಂದರು. ಆ ಮಾತನ್ನು ಹಾಗೆಯೇ ಅವಳಿಗೆ ತಲುಪಿಸಿದೆ. ಮುಖ್ಯ ಶಿಕ್ಷಕರು ಅವಳ ತಾಯಿಯೊಡನೆ ಮಾತಾಡಿದರು. ಎರಡು ವಾರದ ನಂತರ ತಾಯಿ ಮಗಳು ಹೋಗಿ ಬಂದರು. ಮೊದಲ ದಿನ ಪರೀಕ್ಷೆಯಷ್ಟೇ. ಹುಳುಕು ತುಂಬಿದ್ದು ಎರಡನೆಯ ಭೇಟಿಯಲ್ಲಿ. ದವಡೆ ಹಲ್ಲು ಉಳಿಯಿತು.

ಬಂದವಳೇ ನನ್ನ ಪಾಠದ ತಪ್ಪು ಹೇಳಿದಳು: “ಮಿಸ್, ಬಾಯಲ್ಲಿ ನೀರು ತುಂಬ್ಕೊಳುತ್ತೆ, ಅದನ್ನ ಎಳ್ಕೊಳೋ ಪೈಪ್ ಇಡ್ತಾರೆ. ನೀವು ಅದನ್ನ ಹೇಳ್ಲೇ ಇಲ್ಲ.” ಈಗ ನನ್ನ ಪಾಠ ಯೋಜನೆಯಲ್ಲಿ ಪೈಪ್ ಇದೆ.

ಇತರ ತಾಲ್ಲೂಕುಗಳಲ್ಲಿ

ಈ ಯೋಜನೆಯನ್ನು ರಾಮನಗರ, ಕನಕಪುರ, ಮಾಗಡಿಯ ಶಾಲೆಗಳಲ್ಲಿದ್ದ ಸಹಪಾಠಿಗಳೊಂದಿಗೆ ಹಂಚಿಕೊಂಡೆ. ಮಾಗಡಿಯ ಗೆಳತಿ ನಾಲ್ಕನೆಯ ತರಗತಿಗೆ ಅದನ್ನು ಮಾಡಿದಳು; ಅಲ್ಲಿ ವಿವರಣೆ ಅರ್ಧಕ್ಕಿಳಿದು, ಗೊಂಬೆಯಾಟ ಎರಡರಷ್ಟಾಯಿತು. ರಾಮನಗರದ ಗೆಳೆಯ ಚೀಟಿ ಬರೆಸುವ ಬದಲು ಚಿತ್ರ ಬರೆಸಿದ. ಕನಕಪುರದ ಗೆಳೆಯನಿಗೆ ಬೇರೆಯದೇ ಕಾರಣ ಸಿಕ್ಕಿತು. ಅಲ್ಲಿ ಒಂದು ಮಗು ಹೆದರಿರಲಿಲ್ಲ, ಚೀಟಿಯೂ ಇತ್ತು; ಆದರೆ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ ಎದ್ದಿತ್ತು. ಹುಳು ಅತಿ ಹೆಚ್ಚು ಸೊಪ್ಪು ತಿನ್ನುವ ಆ ವಾರದಲ್ಲಿ ಮನೆ ಬಿಟ್ಟು ಹೊರಡುವವರು ಯಾರು? ಗೂಡು ಮಾರಿದ ಮೇಲಿನ ದಿನವನ್ನು ತಂದೆಯೊಡನೆ ಗೊತ್ತು ಮಾಡಿದಾಗ ಕೆಲಸವಾಯಿತು. ಮಗುವನ್ನು ಸಿದ್ಧಗೊಳಿಸುವುದರಲ್ಲಿ ಮನೆಯ ಬಿಡುವನ್ನು ಕೇಳುವುದೂ ಸೇರಿದೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

• ವೈದ್ಯರನ್ನು, ಸೂಜಿಯನ್ನು ಶಿಸ್ತಿನ ಸಾಧನವಾಗಿ ಬಳಸಬೇಡಿ.
• ತಪಾಸಣೆಯ ದಿನಾಂಕ ಗೊತ್ತಾದರೆ ಅದಕ್ಕೆ ಮೊದಲೇ ಈ ಪಾಠ ಮಾಡಿ.
• ಹೋಲಿಕೆ ಕೊಟ್ಟ ಮೇಲೆ ಮಗುವಿಗೆ ಏನು ಅರ್ಥವಾಯಿತು ಎಂದು ಕೇಳಿ.
• ನಿಮ್ಮ ಕೈಯಲ್ಲಿಲ್ಲದ ಭರವಸೆ ಕೊಡಬೇಡಿ. ಕೊಡಬೇಕಾದರೆ ವಿಚಾರಿಸಿ ಕೊಡಿ.
• ಹೋಗಿ ಬಂದ ಮಗುವಿನ ಮಾತು ಕೇಳಿ, ಪಾಠ ಯೋಜನೆ ತಿದ್ದಿ.

ಮೊದಲ ಪಾಠದ ಅವಲೋಕನ ಪುಸ್ತಕ ಇನ್ನೂ ನನ್ನ ಬಳಿ ಇದೆ. ‘ಮುಕ್ತಾಯ ಪರಿಣಾಮಕಾರಿ’ ಎಂಬ ಷರಾ ಸುಳ್ಳಲ್ಲ. ಪರಿಣಾಮವಂತೂ ಆಗಿತ್ತು. ಯಾರ ಮೇಲೆ, ಯಾವ ಬಗೆಯದು ಎಂದು ಕೇಳುವ ಕಾಲಂ ನಮ್ಮ ನಮೂನೆಯಲ್ಲಿಲ್ಲ. ಅದನ್ನು ನಾನೇ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಸೇರಿಸಿಕೊಂಡಿದ್ದೇನೆ.