ಒಡೆಯುವ ಹುಳುವಿಗೆ ಹೆಸರಿಡುವ ಪಾಡು

ಡುಗೀಸಿಯಾ ಸಬ್‌ಟೆಂಟಾಕ್ಯುಲಾಟಾ ಎಂಬ ಸಿಹಿನೀರಿನ ಚಪ್ಪಟೆ ಹುಳುವಿಗೆ 1801ರಲ್ಲೇ ಹೆಸರಿಟ್ಟವನು ಫ್ರಾನ್ಸಿನ ಡ್ರಾಪರ್ನೋ. ಸ್ಪೇನ್, ಮೊರಾಕ್ಕೊ ಕಡೆಯ ತೊರೆಗಳಲ್ಲಿ ಕಲ್ಲು ಮಗುಚಿದರೆ ಸಿಗುವ ಹುಳು ಇದು. ತ್ರಿಕೋನದ ತಲೆ, ಎರಡು ಕಣ್ಣು. 2020ರಲ್ಲಿ ಬಾರ್ಸಿಲೋನಾದ ಲಾಯಾ ಲೇರಿಯಾ, ಮಾರ್ತಾ ರಿಯುಟೋರ್ಟ್ ಮತ್ತು ಸಂಗಡಿಗರು ಈ ಒಂದೇ ಹೆಸರಿನಡಿ ಅಡಗಿದ್ದ ಇನ್ನೂ ನಾಲ್ಕು ಪ್ರಭೇದಗಳನ್ನು ಬೇರ್ಪಡಿಸಿದರು. ಅದರಲ್ಲೊಂದಕ್ಕೆ ಮೊರಾಕ್ಕೊದ ತುಬ್ಕಾಲ್ ಪರ್ವತದ ಹೆಸರು.

ಇದೇ ಕುಲದ ಹುಳುಗಳನ್ನು ಸಾಕಿ, ಸೀಳಿ, ನೋಡಿ ಕಲಿತ ನನಗೆ ಆ ಕೆಲಸದ ಹಿಂದಿನ ಬೆವರು ಚೆನ್ನಾಗಿ ಗೊತ್ತು. ಮೊದಲು ಹುಳುವನ್ನು ವಾರಗಟ್ಟಲೆ ಉಪವಾಸ ಕೆಡವಬೇಕು, ಇಲ್ಲದಿದ್ದರೆ ಅದು ತಿಂದದ್ದರ ಡಿಎನ್‌ಎಯೂ ಓದಿನಲ್ಲಿ ಬೆರೆಯುತ್ತದೆ. ಆಮೇಲೆ ಮುಂಭಾಗದಿಂದ ಒಂದು ಚೂರು ಆಲ್ಕೊಹಾಲಿಗೆ, ಉಳಿದ ದೇಹ ಮೇಣಕ್ಕೆ. ಹಿಂಭಾಗಕ್ಕೆ ಕತ್ತರಿ ತಾಗಿಸುವಂತಿಲ್ಲ. ಪ್ರಭೇದ ಗುರುತಿಸಲು ಬೇಕಾದ ಜನನಾಂಗಗಳು ಅಲ್ಲೇ ಇರುವುದು. ಮೇಣದ ಅಚ್ಚನ್ನು ಕೆಲವೇ ಮೈಕ್ರಾನ್ ದಪ್ಪಕ್ಕೆ ಉದ್ದುದ್ದ ಸೀಳಿ, ಬಣ್ಣ ಹಾಕಿ, ಅನುಕ್ರಮ ತಪ್ಪದಂತೆ ಗಾಜಿನ ಮೇಲೆ ಜೋಡಿಸಿ, ಒಂದೊಂದೇ ನಾಳ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ಮನಸ್ಸಿನಲ್ಲೇ ಮತ್ತೆ ಕಟ್ಟಬೇಕು. ಸಂಗ್ರಹಾಲಯದಲ್ಲಿ ಆ ಪ್ರಭೇದದ ಹೆಸರು ಹೊತ್ತು ಉಳಿಯುವುದು ಹುಳುವಲ್ಲ, ಒಂದು ಪೆಟ್ಟಿಗೆ ಗಾಜು. ಬಣ್ಣ, ತಲೆಯ ಆಕಾರ ನೋಡಿ ತೀರ್ಪು ಕೊಡುವ ಚಟ ನನಗೆ ಬಿಟ್ಟುಹೋದದ್ದು ಈ ಗಾಜುಗಳಿಂದ.

ಆದರೆ ಈ ಹುಳುಗಳಲ್ಲಿ ಅನೇಕ ಗುಂಪುಗಳು ಮೊಟ್ಟೆಯ ಗೊಡವೆಗೇ ಹೋಗುವುದಿಲ್ಲ. ನಡುವೆ ತುಂಡಾಗಿ ಎರಡಾಗುತ್ತವೆ. ಅವಕ್ಕೆ ಜನನಾಂಗವೇ ಬೆಳೆಯದಾಗ ಗಾಜಿನ ಮೇಲೆ ನೋಡುವುದೇನನ್ನು? ಜೀನಿಗೇ ಮೊರೆ ಹೋಗಬೇಕು. ತಮಾಷೆ ಶುರುವಾಗುವುದೂ ಅಲ್ಲೇ. ಮೊಟ್ಟೆಯಿಂದ ಬಂದ ಪ್ರಾಣಿ ಒಂದು ಕೋಶದಿಂದ ಬೆಳೆದದ್ದು. ತುಂಡಾದ ಹುಳುವಾದರೋ ಹಳೆಯ ಕಾಂಡಕೋಶಗಳ ಇಡೀ ಹಿಂಡನ್ನೇ ಹೊತ್ತು ಹೋಗುತ್ತದೆ. ಒಂದೊಂದು ಕೋಶದ ಸಂತತಿಯೂ ತನ್ನ ಪಾಡಿಗೆ ಉತ್ಪರಿವರ್ತನೆಗಳನ್ನು ಕೂಡಿಹಾಕುತ್ತದೆ, ಅವನ್ನು ಕಲಸುವ ಮಿಲನ ಇಲ್ಲ. ಕೊನೆಗೆ ಒಂದೇ ಹುಳುವಿನೊಳಗೆ ಒಂದೇ ಜೀನಿನ ಹಲವು ಪಾಠಗಳು. ಇದನ್ನು ಮೊಸಾಯಿಕ್ ಮೆಸೆಲ್ಸನ್ ಪರಿಣಾಮ ಎನ್ನುತ್ತಾರೆ. ಗೊತ್ತಿಲ್ಲದೆ ಓದಿದವರಿಗೆ ಒಂದೇ ಹುಳು ಎರಡು ಪ್ರಭೇದದಂತೆ ಕಂಡೀತು! ಮೇಲಾಗಿ ಇಂಥವುಗಳಲ್ಲಿ ಪ್ರತಿ ಕ್ರೋಮೋಸೋಮಿನ ಜೋಡಿಯ ಬದಲು ಮೂರು ಪ್ರತಿಗಳಿರುವವೂ ಸಾಮಾನ್ಯ. ಹಾಗಾಗಿಯೇ ಬಾರ್ಸಿಲೋನಾದವರು ಜೀನು, ಕ್ರೋಮೋಸೋಮು, ಅಂಗರಚನೆ ಎಲ್ಲವನ್ನೂ ಎದುರುಬದುರು ಕೂರಿಸಿದ್ದು.

ಪ್ರಾಣಿನಾಮಕರಣದ ನಿಯಮಾವಳಿ ಅಂಗವನ್ನೇ ತೋರಿಸಿ ಎಂದು ಹಟ ಹಿಡಿಯುವುದಿಲ್ಲ. ಹೆಸರು ಹೊರುವ ಮಾದರಿ ಒಂದಿರಬೇಕು, ವ್ಯತ್ಯಾಸವನ್ನು ಮಾತಿನಲ್ಲಿ ಹೇಳಿರಬೇಕು. ಡಿಎನ್‌ಎ ಅಕ್ಷರಗಳ ವ್ಯತ್ಯಾಸವನ್ನು ಬರೆದರೂ ನಡೆದೀತು. ನಡೆದೀತು ಎಂದ ಮಾತ್ರಕ್ಕೆ ನನಗೆ ಸಮಾಧಾನವಿಲ್ಲ. ಒಂದೇ ಜೀನು ಹಿಡಿದು ಹೊಸ ಪ್ರಭೇದ ಸಿಕ್ಕಿತು ಎಂದು ಕಿರಿಯರು ಬಂದರೆ, ಹುಳು ಮೊಟ್ಟೆ ಇಡುತ್ತದೋ ಒಡೆಯುತ್ತದೋ ಎಂದು ಮೊದಲು ಕೇಳುತ್ತೇನೆ. ಒಡೆಯುವುದಾದರೆ, ಅದೇ ಹೊಳೆಯ ಮೇಲಿನ ಕವಲುಗಳಲ್ಲಿ ಮೊಟ್ಟೆ ಇಡುವ ಗುಂಪು ಇದೆಯೇ ಹುಡುಕಿ ಬನ್ನಿ ಎಂದು ಕಳಿಸುತ್ತೇನೆ.